ನನ್ನ ಮೋಟಾರ್‌ಸೈಕಲ್ಲಿನ ಶ್ರೀಮಂತಿಕೆ

ದನದ ಡಾಕ್ಟರನ ಮೈಯಿಂದ ಸಗಣಿಯ ವಾಸನೆ ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಪೆಟ್ರೋಲಿನ ವಾಸನೆ ಬಂದರೆ ಮಾತ್ರ ಊರಿಗೆ ಊರೇ ವಿಚಾರಣೆಗೆ ನಿಲ್ಲುತ್ತದೆ. ಅರವತ್ತರ ದಶಕದಲ್ಲಿ ಹೊಸನಗರದ ಪಶುವೈದ್ಯನಾಗಿದ್ದಾಗ ನಾನು ಈ ವಿಚಾರಣೆಯನ್ನು ತಿಂಗಳುಗಟ್ಟಲೆ ಎದುರಿಸಿದ್ದೇನೆ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನ್ನ ಮೋಟಾರ್‌ಸೈಕಲ್ಲು ಯುದ್ಧಕಾಲದ್ದು. ಸೈನ್ಯದವರು ಬೇಡವೆಂದು ಬಿಟ್ಟದ್ದು, ಯಾರ್ಯಾರದೋ ಕೈ ದಾಟಿ ನನ್ನಲ್ಲಿಗೆ ಬಂದಿತ್ತು. ಹಳೆಯದಾದರೂ ಮರ್ಯಾದೆಯಿಂದ ಓಡುತ್ತಿತ್ತು. ಹಾಗಿದ್ದದ್ದು ಒಂದು ದಿನ ಇದ್ದಕ್ಕಿದ್ದಂತೆ ಕಪ್ಪು ಹೊಗೆ ಬಿಡತೊಡಗಿತು. ಏರು ಬಂದರೆ ಕೆಮ್ಮು, ಇಳಿಜಾರಿನಲ್ಲಿ ಢಮಾರ್ ಎಂಬ ಸದ್ದು, ಪೆಟ್ರೋಲಿನ ಬಾಯಾರಿಕೆಯಂತೂ ಹೇಳತೀರದು. ಹಿಂದೆ ಕೂತು ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದ ನನ್ನ ಹೆಂಡತಿ ಸರೋಜಳ ಸೀರೆಯಂಚಿಗೆಲ್ಲ ಮಸಿ.

ನನ್ನನ್ನು ಕೆರಳಿಸಿದ್ದು ಹೊಗೆಯಲ್ಲ, ಸಲಹೆ. ಯಾರದೋ ಕೊಟ್ಟಿಗೆಯಲ್ಲಿ ಹಸು ಜ್ವರದಿಂದ ಮಲಗಿರುತ್ತಿತ್ತು. ಮನೆಯವರೆಲ್ಲ ಅಂಗಳದಲ್ಲಿ ನನ್ನ ಗಾಡಿಯ ಸುತ್ತ ನಿಂತು ನಾಡಿ ಹಿಡಿಯುತ್ತಿದ್ದರು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದಾರೆಂದು ಒಬ್ಬರು. ಮಲೆನಾಡಿನ ಥಂಡಿ ಗಾಳಿ ಮಿಲಿಟರಿ ಯಂತ್ರಕ್ಕೆ ಒಗ್ಗದೆಂದು ಇನ್ನೊಬ್ಬರು. ನಮ್ಮ ನೆರೆಮನೆಯವರು ನನ್ನ ಹೊಟ್ಟೆಯನ್ನೊಮ್ಮೆ ನೋಡಿ, "ಭಾರ ಜಾಸ್ತಿಯಾಯ್ತೇನೋ" ಎಂದರು. ದನದ ಕಾಯಿಲೆಗೆ ಡಾಕ್ಟರು ಬೇಕು, ಮೋಟಾರ್‌ಸೈಕಲ್ಲಿನ ಕಾಯಿಲೆ ಮಾತ್ರ ಎಲ್ಲರಿಗೂ ಹುಟ್ಟಿನಿಂದಲೇ ಗೊತ್ತು!

ಕೊನೆಗೆ ಸಾಗರಕ್ಕೆ ಹೋಗಿ ಮೆಕ್ಯಾನಿಕ್ ನಂಜಪ್ಪನಿಗೆ ತೋರಿಸಿದೆ. ಈ ಮೂರು ತಾಲ್ಲೂಕುಗಳಲ್ಲಿ ತನ್ನಂಥ ಇನ್ನೊಬ್ಬನಿಲ್ಲ ಎಂದು ತಾನೇ ನಂಬಿದ್ದ ಮನುಷ್ಯ. ಪ್ಲಗ್ ಬಿಚ್ಚಿ ನನ್ನ ಮೂಗಿನ ಹತ್ತಿರ ಹಿಡಿದ. ಬಚ್ಚಲೊಲೆಯ ಹಂಡೆಯ ತಳದಂತೆ ಕಪ್ಪಾಗಿತ್ತು.

"ಗಾಡಿ ರಿಚ್ ಓಡ್ತಾ ಇದೆ ಸಾರ್. ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ."

ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರಿನ ಸೂಜಿಯನ್ನು ಒಂದು ಮೆಟ್ಟಿಲು ಇಳಿಸಿ ಕಳಿಸಿದ. ಮನೆಗೆ ಬಂದು ಸರೋಜಳಿಗೆ ವಿಷಯ ತಿಳಿಸಿದರೆ ಅವಳು, "ಪರವಾಗಿಲ್ಲ, ಮನೇಲಿ ಒಬ್ಬರಾದ್ರೂ ರಿಚ್ ಆಗಿದಾರಲ್ಲ" ಎಂದಳು. ಅಜೀರ್ಣಕ್ಕೆ ಶ್ರೀಮಂತಿಕೆ ಎಂದು ಹೆಸರಿಟ್ಟ ಆ ಇಂಗ್ಲಿಷರ ಮೇಲೂ ನನಗೆ ಸಿಟ್ಟು ಬಂತು. ಹಿಂಡಿ ಹೆಚ್ಚು ತಿಂದು ಹೊಟ್ಟೆಯುಬ್ಬಿಸಿಕೊಂಡ ಎತ್ತನ್ನು ನಾವೇನು ಸಾಹುಕಾರ ಎನ್ನುತ್ತೇವೆಯೇ?

ವಾರದೊಳಗೆ ಹೊಗೆ ಮತ್ತೆ ಬಂತು. ನಾನೂ ಮತ್ತೆ ಸಾಗರಕ್ಕೆ ಹೋದೆ. ಈ ಸಲ ನಂಜಪ್ಪ ಗಾಡಿಯನ್ನು ಮುಟ್ಟಲೇ ಇಲ್ಲ. "ನಾನು ಎಲ್ಲ ಸರಿ ಮಾಡಿದೀನಿ. ನಿಮ್ಮ ಕೈ ಜೋರು ಸಾರ್, ಆಕ್ಸಲರೇಟರ್ ಸಿಕ್ಕಾಪಟ್ಟೆ ತಿರುಪ್ತೀರಿ" ಎಂದ. ಒದೆಯುವ ದನಕ್ಕೂ ಕೋಲೆತ್ತದ ನನ್ನ ಕೈ ಜೋರಂತೆ! ದಾರಿಯುದ್ದಕ್ಕೂ ಅವನನ್ನು ಬೈದುಕೊಂಡೇ ಬಂದೆ. ಗಾಡಿಯೂ ದಾರಿಯುದ್ದಕ್ಕೂ ಹೊಗೆ ಕಾರುತ್ತಲೇ ಬಂತು.

ಇಷ್ಟೇ ಆಗಿದ್ದರೆ ಇದು ನಗುವ ವಿಷಯ. ಆದರೆ ಒಂದು ಶನಿವಾರ ಬೆಳಿಗ್ಗೆ ಕೋಣಂದೂರಿನ ಆಚೆಯ ಗಂಗಮ್ಮನ ತಮ್ಮ ಬಸ್ಸಿನಲ್ಲಿ ಓಡಿಬಂದ. ತೀರ್ಥಹಳ್ಳಿಯ ಡಾಕ್ಟರು ರಜೆಯಲ್ಲಿದ್ದುದರಿಂದ ಆ ಕಡೆಯ ದನಕರುಗಳೂ ಆಗ ನನ್ನ ಪಾಲಿಗಿದ್ದವು. ಗಂಗಮ್ಮ ಗಂಡನಿಲ್ಲದ ಹೆಂಗಸು. ಗೇಣಿಯ ತುಂಡು ಗದ್ದೆ, ಹೋಟೆಲಿಗೆ ಹಾಲು ಹಾಕುವ ಒಂದೇ ಒಂದು ಎಮ್ಮೆ, ಅಷ್ಟೇ ಅವಳ ಬದುಕು. ಆ ಎಮ್ಮೆಯ ಹೊಟ್ಟೆಯಲ್ಲಿ ಕರು ಸಿಕ್ಕಿಕೊಂಡಿತ್ತು.

ಮರಳುವ ಬಸ್ಸು ಸಂಜೆಗೇ ಇದ್ದುದರಿಂದ ಅವನನ್ನು ಬಿಟ್ಟು ಕೂಡಲೇ ಗಾಡಿಯಲ್ಲಿ ಹೊರಟೆ. ರಿಪ್ಪನ್‌ಪೇಟೆ ದಾಟಿ ಒಂದು ಏರಿನಲ್ಲಿ ಗಾಡಿ ನಿಂತಿತು. ಪ್ಲಗ್ ಬಿಚ್ಚಿ, ಒರೆಸಿ, ಹಾಕಿ ಕಿಕ್ಕರನ್ನು ಒದ್ದೆ, ಹೊರಟಿತು. ಮುಂದಿನ ಏರಿನಲ್ಲಿ ಮತ್ತೆ ನಿಂತಿತು. ಮೂರನೆಯ ಸಲ ಒದೆಯಲು ನನ್ನ ಕಾಲಿನಲ್ಲೇ ಶಕ್ತಿ ಉಳಿದಿರಲಿಲ್ಲ. ಅದನ್ನು ಬೇಲಿಗೆ ಒರಗಿಸಿ, ಔಷಧಿ ಚೀಲ ಹೆಗಲಿಗೇರಿಸಿ ನಡೆದೆ. ಆಮೇಲೊಂದು ಹುಲ್ಲಿನ ಗಾಡಿ ಸಿಕ್ಕಿತು. ನಾನು ತಲುಪುವಾಗ ಮಧ್ಯಾಹ್ನ ತಿರುಗಿತ್ತು.

ಕರುವಿನ ಕುತ್ತಿಗೆ ಹಿಂದಕ್ಕೆ ಮಡಚಿಕೊಂಡಿತ್ತು. ನೇರ ಮಾಡಿ ಎಳೆದೆ. ಹೆಣ್ಣು ಕರು, ಉಸಿರಿರಲಿಲ್ಲ. ಎಮ್ಮೆಯೇನೋ ಉಳಿಯಿತು. ಗಾಡಿ ದಾರಿಯಲ್ಲಿ ಕೈಕೊಟ್ಟದ್ದನ್ನು ಹೇಳಿದೆ. ಗಂಗಮ್ಮ ಕೈತೊಳೆಯಲು ಬಿಸಿನೀರು ತಂದಿಟ್ಟು ದೂರ ನಿಂತಳು.

"ಬೆಳಗಾಗಿಂದ ರಸ್ತೆ ಕಡೀಗೇ ಕಿವಿ ಕೊಟ್ಕಂಡು ಕೂತಿದ್ದೆ ಡಾಕ್ಟ್ರೇ. ನಿಮ್ ಗಾಡಿ ಸದ್ದು ಬತ್ತದೆ ಬತ್ತದೆ ಅಂತ. ಅದಕ್ಕೆ ಎಂತ ಆಗ್ಯದೆ ಅಂತ ಯಾರೂ ನೋಡಲ್ವಾ?"

ನಾನು ಕೈತೊಳೆದು, ಎಮ್ಮೆಗೆ ಔಷಧಿ ಕೊಟ್ಟು ಹೊರಟೆ.

ಲಾರಿಯೊಂದರಲ್ಲಿ ಗಾಡಿಯನ್ನು ಹೇರಿಸಿಕೊಂಡು ಮನೆಗೆ ತಂದೆ. ಮರುದಿನ ಭಾನುವಾರ. ಎಲ್ಲರ ಮೇಲಿನ ರೋಷವನ್ನೂ ಸ್ಪ್ಯಾನರಿಗೆ ತುಂಬಿಕೊಂಡು ಅಂಗಳದಲ್ಲಿ ಕೂತೆ. ಇನ್ನು ಯಾರ ಮಾತನ್ನೂ ಕೇಳುವುದಿಲ್ಲ. ಬಾಯಿಲ್ಲದ ರೋಗಿಯನ್ನು ನೋಡುವಂತೆ ಸುಮ್ಮನೆ ನೋಡುತ್ತೇನೆ ಎಂದುಕೊಂಡೆ. ಎಂಜಿನ್ ಶುರು ಮಾಡದೆ ಪೆಟ್ರೋಲಿನ ನಲ್ಲಿಯನ್ನಷ್ಟೇ ತಿರುಗಿಸಿ ಕಾದೆ. ಸ್ವಲ್ಪ ಹೊತ್ತಿನಲ್ಲಿ ಕಾರ್ಬ್ಯುರೇಟರಿನಿಂದ ತೊಟ್ಟು ತೊಟ್ಟಾಗಿ ಪೆಟ್ರೋಲು ಸೋರತೊಡಗಿತು. ಎಂಜಿನ್ನೇ ನಿಂತಿರುವಾಗ ನನ್ನ ಕೈ ಎಷ್ಟು ಜೋರಾದರೇನು? ಸೂಜಿ ಯಾವ ಮೆಟ್ಟಿಲಲ್ಲಿದ್ದರೇನು?

ಕಾರ್ಬ್ಯುರೇಟರಿನ ಪಕ್ಕದ ಬಟ್ಟಲನ್ನು ಬಿಚ್ಚಿದೆ. ಅದರೊಳಗೆ ಫ್ಲೋಟ್ ಎಂಬ ಹಿತ್ತಾಳೆಯ ಪೊಳ್ಳು ಡಬ್ಬಿ ಇರುತ್ತದೆ. ಪೆಟ್ರೋಲು ತುಂಬುತ್ತ ಬಂದಂತೆ ಅದು ತೇಲಿ ಮೇಲೆದ್ದು ಒಳಬರುವ ದಾರಿಯನ್ನು ಮುಚ್ಚಬೇಕು. ಪಕ್ಕದಲ್ಲಿ ಕೂತಿದ್ದ ಸರೋಜ ಅದನ್ನೆತ್ತಿಕೊಂಡು, ತೆಂಗಿನಕಾಯಿಯಂತೆ ಕಿವಿಯ ಹತ್ತಿರ ಕುಲುಕಿದಳು.

"ರೀ, ಇದರೊಳಗೆ ಏನೋ ಇದೆ."

ಒಲೆಯಿಂದ ದೂರ, ಬಿಸಿನೀರಿನ ಪಾತ್ರೆಯಲ್ಲಿ ಅದನ್ನು ಮುಳುಗಿಸಿ ಹಿಡಿದೆ. ಬೆಸುಗೆಯ ಅಂಚಿನಿಂದ ಸಣ್ಣ ಗುಳ್ಳೆಗಳು ದಾರದಂತೆ ಮೇಲೆದ್ದವು. ಕಣ್ಣಿಗೆ ಕಾಣದ ತೂತು! ಅದರೊಳಗೆ ಪೆಟ್ರೋಲು ಸೇರಿ, ತೇಲಬೇಕಾದ್ದು ಮುಳುಗಿ ಕೂತಿತ್ತು. ಎಂಜಿನ್ನಿಗೆ ಬೇಡವೆಂದರೂ ಬಡಿಸುತ್ತಲೇ ಇತ್ತು. ಒಳಗಿನದೆಲ್ಲ ಆರಿಹೋಗುವವರೆಗೆ ಕಾದು, ಒಂದು ಹನಿ ಬೆಸುಗೆ ಹಾಕಿಸಿ ಜೋಡಿಸಿದೆ. ಎರಡನೆಯ ಒದೆತಕ್ಕೆ ಗಾಡಿ ಹೊರಟಿತು. ಹೊಗೆಯ ಸುಳಿವೇ ಇಲ್ಲ.

ಜಗಳವಾಡಬೇಕೆಂದೇ ಸಾಗರಕ್ಕೆ ಹೋದೆ. ನಂಜಪ್ಪ ಎಲ್ಲವನ್ನೂ ಕೇಳಿಸಿಕೊಂಡು, ನನಗೆ ಕಾಫಿ ತರಿಸಿ, "ಮತ್ತೆ? ನಾನು ಮೊದಲೇ ಹೇಳಿದ್ನಲ್ಲ ಸಾರ್, ರಿಚ್ ಅಂತ!" ಎಂದ. ಅವನು ಹೇಳಿದ್ದು ನಿಜವೇ ಆಗಿತ್ತು. ಇದಕ್ಕಿಂತ ಸಿಟ್ಟು ಬರಿಸುವ ಸಂಗತಿ ಬೇರೆ ಇದೆಯೇ?

ಮುಂದಿನ ವಾರ ಎಮ್ಮೆಯನ್ನು ನೋಡಲು ಗಂಗಮ್ಮನ ಮನೆಗೆ ಹೋದೆ. ಅವಳ ಪ್ರಶ್ನೆಗೆ ಉತ್ತರವನ್ನೂ ಕೊಡಬೇಕಿತ್ತು. ಜಗಲಿಯಲ್ಲಿ ಕೂತು ಫ್ಲೋಟಿನ ಕತೆಯನ್ನೆಲ್ಲ ಬಿಡಿಸಿ ಹೇಳಿದೆ.

"ಸಾಸ್ವೆ ಕಾಳಿನಷ್ಟು ತೂತಾ?" ಎಂದಳು.

"ಅಷ್ಟೂ ಇರಲಿಲ್ಲ."

ಗಂಗಮ್ಮ ಕೊಟ್ಟಿಗೆಯ ಕಡೆ ನೋಡಿದಳು. "ಹಂಗಾರೆ ಬೈಯಕ್ಕೆ ಯಾರೂ ಇಲ್ಲ ಅನ್ನಿ. ನಾನು ಇಷ್ಟ್ ದಿನ ನಿಮ್ಮನ್ನೇ ಬೈಕಂತಿದ್ದೆ ಡಾಕ್ಟ್ರೇ. ಇನ್ನು ಎಂತ ಮಾಡದು?"

"ನಾನು ನಂಜಪ್ಪನನ್ನು ಬೈಯುತ್ತಿದ್ದೆ" ಎಂದೆ. "ನನಗೂ ಈಗ ಅದೇ ಕಷ್ಟ."

ಅವಳು ಎದ್ದು ಅಂಗಳಕ್ಕಿಳಿದು, ನನ್ನ ಮೋಟಾರ್‌ಸೈಕಲ್ಲಿನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತು, ಅದರ ವಂಶವನ್ನೆಲ್ಲ ಜಾಲಾಡುತ್ತ ಬೈಯತೊಡಗಿದಳು. ಬೈಯುತ್ತ ಬೈಯುತ್ತ ಅವಳ ಕಣ್ಣು ತುಂಬಿತು. ನಾನೂ ಹೋಗಿ ಪಕ್ಕದಲ್ಲಿ ನಿಂತು, ನನಗೆ ಬರುವ ನಾಲ್ಕು ಬೈಗುಳವನ್ನು ಸೇರಿಸಿದೆ. ಇಬ್ಬರಿಗೂ ಸ್ವಲ್ಪ ಹಗುರವಾಯಿತು.