ಬೀಗರೂಟಕ್ಕೆ ಬಿಳಿಮೀನು

ಈಗ ಹೇಳಹೊರಟಿರುವುದು ಹೀಗೆಯೇ ನಡೆಯಿತೆಂದು ನಾನು ಪ್ರಮಾಣ ಮಾಡಲಾರೆ. ತರ್ಕಶಾಸ್ತ್ರ ಓದಿ ಪದವಿ ಪಡೆದವನಿಗೆ ಬೇರೆಯವರ ಮಾತಿನ ಮೇಲೆ ಅನುಮಾನ ಬರುವುದು ಸಹಜ. ನನಗೆ ನನ್ನ ನೆನಪಿನ ಮೇಲೂ ಬರುತ್ತದೆ. ಮೊನ್ನೆ ಮದ್ದೂರಿನ ಅಂಗಡಿಯೊಂದರಲ್ಲಿ ಬಾವಿಗೆ ಹಗ್ಗ ಕೊಳ್ಳುತ್ತಿದ್ದೆ. ಹೊಸ ನಾರಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ನಮ್ಮ ದೊಡ್ಡಪ್ಪ ಎದುರಿಗೇ ಬಂದು ನಿಂತಂತಾಯಿತು. ಹೆಗಲ ಮೇಲೆ ಟವಲು, ಕೈಯಲ್ಲಿ ಮೀನಿನ ಗಾಳ. ಟವಲಿನ ಅಂಚು ಕೆಂಪೋ ಹಸಿರೋ ಎಂದು ಮಾತ್ರ ಕೇಳಬೇಡಿ.

ಮೂವತ್ತರ ದಶಕದ ಮಾತು. ಮಂಡ್ಯದ ಸುತ್ತ ಕಾಲುವೆ ನೀರು ಹೊಸದಾಗಿ ಹರಿದಿತ್ತು. ದುದ್ದದ ಪಕ್ಕದ ನಮ್ಮ ಹಳ್ಳಿಗೆ ಅದರ ಸುದ್ದಿ ಬಂದಿತ್ತು, ನೀರು ಬಂದಿರಲಿಲ್ಲ. ದೊಡ್ಡಪ್ಪ ತಮ್ಮ ಮಗಳು ಪುಟ್ಟತಾಯಿಯನ್ನು ಮಳವಳ್ಳಿಯಾಚೆ, ಕಾವೇರಿ ದಡದ ಊರಿಗೆ ಕೊಟ್ಟರು. ಧಾರೆ ಮುಗಿದು ಎಲೆಯಡಿಕೆ ಹಾಕಿಕೊಳ್ಳುವಾಗ ಗಂಡಿನ ಅಪ್ಪ, ಅಂದರೆ ನಮ್ಮ ಹೊಸ ಬೀಗರು, ನಿಮ್ಮ ಕಡೆ ಹರಿಯುವ ನೀರು ಕಂಡರೆ ಜನ ಚಪ್ಪಲಿ ಬಿಟ್ಟು ಕೈಮುಗಿಯುತ್ತಾರಂತೆ, ಹೌದೇ ಎಂದು ಕೇಳಿದರು. ಬೀಗರನ್ನು ಬೀಗರು ಗೇಲಿ ಮಾಡುವುದು ನಮ್ಮಲ್ಲಿ ಶಾಸ್ತ್ರದ ಒಂದು ಭಾಗ. ನಕ್ಕು ಉಗುಳಿಬಿಟ್ಟಿದ್ದರೆ ಆಗುತ್ತಿತ್ತು. ದೊಡ್ಡಪ್ಪ ನಗಲಿಲ್ಲ.

"ಬೀಗ್ರೇ, ನಿಮ್ಮೂರಲ್ಲಿ ಬೀಗರೂಟ ಅದೆಯಲ್ಲ, ಅದಕ್ಕೆ ನಿಮ್ಮ ಒಳೇಲೇ ಬಿಳಿಮೀನು ಇಡ್ದು ತತ್ತೀನಿ. ತರ್ನಿಲ್ಲ ಅಂದ್ರೆ ಎಲೆ ಮುಂದೆ ಕೂರಕಿಲ್ಲ," ಎಂದುಬಿಟ್ಟರು.

ಬಿಳಿಮೀನೆಂದರೆ ಕಾವೇರಿಯಲ್ಲಿ ಆಳುದ್ದ ಬೆಳೆಯುವ ಮೀನು. ದೊಡ್ಡಪ್ಪ ಅಲ್ಲಿಯತನಕ ಹಿಡಿದಿದ್ದ ಜಲಚರವೆಂದರೆ ಕೆರೆಯ ಏಡಿ. ಹೆಣ್ಣಿನ ಅಪ್ಪ ಎಲೆ ಮುಂದೆ ಕೂರದಿದ್ದರೆ ಬೀಗರೂಟದಲ್ಲಿ ಯಾರೂ ಅನ್ನ ಮುಟ್ಟುವ ಹಾಗಿಲ್ಲ; ಎರಡು ಊರಿನ ಜನ ಬಾಡಿನ ವಾಸನೆ ಕುಡಿದುಕೊಂಡು ಎದ್ದು ಹೋಗಬೇಕು. ಪುಟ್ಟತಾಯಿ ನನ್ನನ್ನು ಕಣಜದ ಮರೆಗೆ ಕರೆದು, "ಅಣ್ಣ, ನೀನು ಓದಿದೋನು. ಅಪ್ಪುಂಗೆ ಏನಾರ ಮಾಡು. ಮೀನು ಬರ್ನಿಲ್ಲ ಅಂದ್ರೆ ಆ ಮನೇಲಿ ನಾನೆಂಗೆ ಬಾಳ್ಲಿ?" ಎಂದಳು.

ನಾನು ಮೈಸೂರಿನ ಕಾಲೇಜಿನಲ್ಲಿದ್ದೆ. ಪರೀಕ್ಷೆಗೆ ಓದಬೇಕಾಗಿದ್ದ ದಿನಗಳಲ್ಲಿ, ಒಬ್ಬ ಇಂಗ್ಲಿಷ್ ದೊರೆ ಗಾಳ ಹಾಕುವುದರ ಬಗ್ಗೆ ಬರೆದ ಪುಸ್ತಕವನ್ನು ಅಲ್ಲಿನ ಪುಸ್ತಕ ಭಂಡಾರದಲ್ಲಿ ಓದಿದ್ದೆ. ಅಷ್ಟು ಸಾಕೆನಿಸಿತು. ಬಾಗುವ ಸಣ್ಣ ಕೋಲು, ರೇಷ್ಮೆಯ ಎಳೆ, ಮೀನು ಎಳೆದಾಗ ಸಡಿಲ ಬಿಟ್ಟು ದಣಿಸುವ ಉಪಾಯ, ಎಲ್ಲವನ್ನೂ ಸಾಮಾನು ಕೊಳ್ಳಲು ಹೊರಟ ಮದ್ದೂರಿನ ದಾರಿಯುದ್ದಕ್ಕೂ ಗಾಡಿಯಲ್ಲಿ ವಿವರಿಸಿದೆ. ದೊಡ್ಡಪ್ಪ ತಾಳ್ಮೆಯಿಂದ ಕೇಳಿ, "ಮೀನೇನು ಮದ್ವೆ ಎಣ್ಣೇನ್ಲಾ, ರೇಸ್ಮೆ ಉಡ್ಸಕೆ?" ಎಂದರು. ಚರ್ಚೆ ಅಲ್ಲಿಗೆ ಮುಗಿಯಿತು.

ಅವರಿಗೆ ತಿಳಿದಿದ್ದ ವಿದ್ಯೆ ಒಂದೇ, ಎತ್ತಿನದು. ಎಳೆಯುವ ಪ್ರಾಣಿ ಯಾವುದಾದರೂ ಎತ್ತಿನ ಲೆಕ್ಕಕ್ಕೇ ಸೇರಬೇಕು. ಬಿದಿರು ಮಾರುವವನ ಹತ್ತಿರ ಒಂದೊಂದು ಗಳುವನ್ನೂ ಸುತ್ತಿ ಬಂದು, ಎತ್ತಿನ ಮೈಮೇಲೆ ಸುಳಿ ಹುಡುಕುವಂತೆ ಗಿಣ್ಣು ತಡವಿದರು. ಚೆನ್ನಾಗಿದ್ದ ಒಂದನ್ನು ಇದು ಯಜಮಾನನಿಗೆ ಆಗಿಬರುವುದಿಲ್ಲವೆಂದು ಬಿಟ್ಟರು. ಕೊನೆಗೆ ಆರಿಸಿದ್ದು ಚಪ್ಪರಕ್ಕೆ ಕಂಬವಾಗಬಹುದಾದಂಥದು. ದಾರದ ಬದಲು ಮೂಗುದಾರ ಮಾಡುವ ಹುರಿ ಹಗ್ಗ ಬಂತು.

ಉಳಿದದ್ದು ಗಾಳ. ಕಬ್ಬಿಣದಂಗಡಿಯ ಶೆಟ್ಟರು ಕೊಕ್ಕೆಯಷ್ಟು ದಪ್ಪದ್ದೊಂದನ್ನು ತೆಗೆದಿಟ್ಟರು. ನಮ್ಮ ದನದ ಜಾತ್ರೆಗಳಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲವೆಂದು ನಿಮಗೆ ಗೊತ್ತಿರಬಹುದು. ಟವಲಿನಡಿ ಕೈಗೆ ಕೈ ಸೇರಿಸಿ, ಬೆರಳು ಹಿಚುಕಿ ವ್ಯಾಪಾರ ಮಾಡುತ್ತಾರೆ. ಮಗಳ ಮಾನ ಉಳಿಸಬೇಕಾದ ಗಾಳವನ್ನು ಬದನೆಕಾಯಿಯಂತೆ ಕೂಗಿ ಕೇಳುವುದು ದೊಡ್ಡಪ್ಪನಿಗೆ ಒಪ್ಪಲಿಲ್ಲ. ಟವಲು ಹೊದಿಸಿ ಶೆಟ್ಟರ ಕೈ ಹಿಡಿದರು. ಗಾಳವೂ ಅದೇ ಕೈಯಲ್ಲಿತ್ತು. ಬೆರಳು ಹಿಚುಕುವ ಭರದಲ್ಲಿ ಅದು ಟವಲನ್ನೂ ಶೆಟ್ಟರ ಕೋಟಿನ ತೋಳನ್ನೂ ಒಟ್ಟಿಗೆ ಕಚ್ಚಿಕೊಂಡಿತು. ಎಳೆದಷ್ಟೂ ಬಿಗಿಯಿತು. ಸೆರಗುಗಂಟು ಹಾಕಿಸಿಕೊಂಡ ವಧೂವರರಂತೆ ಇಬ್ಬರೂ ಕೂತಿದ್ದರು. ದಾರಿಹೋಕರು ನಿಂತು ನೋಡಿದರು.

"ಗೌಡ್ರೇ," ಎಂದರು ಶೆಟ್ಟರು ಬೇಸರವಿಲ್ಲದೆ, "ಗಾಳ ಸಂದಾಗಿ ಕಚ್ತದೆ ಅಂತ ಇನ್ನು ನಾನು ಬೇರೆ ಯೋಳ್ಬೇಕಾ?"

ಬೀಗರೂಟದ ಬೆಳಿಗ್ಗೆ ಹೊಳೆಗೆ ಹೋದೆವು. ಬೀಗರು ನಗುವುದಕ್ಕೆಂದೇ ಜೊತೆಗೆ ಬಂದಿದ್ದರು. ಬಿಳಿಮೀನಿಗೆ ರಾಗಿಮುದ್ದೆಯೇ ಎರೆ ಎಂದು ಪುಸ್ತಕವೂ ಹೇಳಿತ್ತು, ಊರವರೂ ಹೇಳಿದರು. ಮುದ್ದೆ ತಿನ್ನುವುದಾದರೆ ಅದು ನಮ್ಮವನೇ ಎಂದು ದೊಡ್ಡಪ್ಪನಿಗೆ ಧೈರ್ಯ ಬಂತು. ಪುಟ್ಟತಾಯಿ ತಿರುವಿಕೊಟ್ಟ ಮುದ್ದೆಯಲ್ಲಿ ಒಂದು ತುಂಡು ಗಾಳಕ್ಕೆ ಮೆತ್ತಿ, ಹಗ್ಗದ ತುದಿಯನ್ನು ತಮ್ಮ ನಡುವಿಗೆ ಬಿಗಿದು, ಬಂಡೆ ಸೀಳಿ ಬೆಳೆದಿದ್ದ ಹೊಳೆಮತ್ತಿ ಮರದ ಬೇರಿಗೆ ಕಾಲು ಕೊಟ್ಟು ಕೂತರು.

ಎಷ್ಟು ಹೊತ್ತಾಯಿತೋ ತಿಳಿಯದು. ಹಗ್ಗ ಬಿಗಿಯಿತು. ಕೋಲು ಮುರಿಯಲಿಲ್ಲ, ಹಗ್ಗ ಹರಿಯಲಿಲ್ಲ; ಆದ್ದರಿಂದ ದೊಡ್ಡಪ್ಪನೇ ಹೊರಟರು. ಸೊಂಟದವರೆಗೆ ನೀರಿಗಿಳಿದು, ಮೊಂಡ ಎತ್ತಿಗೆ ಹೇಳುವ ಮಾತನ್ನೆಲ್ಲ ಹೊಳೆಗೆ ಹೇಳುತ್ತಿದ್ದರು. ನಾನು ದಡದಿಂದ ಸಡಿಲ ಬಿಡಿ ಎಂದೆ. ನಡುವಿಗೆ ಕಟ್ಟಿದ್ದನ್ನು ಸಡಿಲ ಬಿಡುವುದು ಹೇಗೆಂದು ಆ ದೊರೆ ಬರೆದಿರಲಿಲ್ಲ. ಅಷ್ಟರಲ್ಲಿ ಬೀಗರು ಜರಿ ರುಮಾಲಿನ ಸಮೇತ ನೀರಿಗೆ ಹಾರಿ ದೊಡ್ಡಪ್ಪನನ್ನು ಹಿಂದಿನಿಂದ ತಬ್ಬಿಕೊಂಡರು. ಈಗ ಇಬ್ಬರೂ ಹೊರಟರು. ಆಮೇಲೆ ಹಗ್ಗ ಒಮ್ಮೆಲೇ ಸಡಿಲವಾಗಿ, ಬೀಗರ ಮೇಲೆ ಬೀಗರು ಬಿದ್ದರು. ಎಳೆದು ನೋಡಿದರೆ ಗಾಳ ನೆಟ್ಟಗಾಗಿ ದಬ್ಬಣದಂತಾಗಿತ್ತು.

ಮಧ್ಯಾಹ್ನ ಎಲೆ ಹಾಕಿದರು. ದೊಡ್ಡಪ್ಪ ಕಂಬ ಒರಗಿ ನಿಂತೇ ಇದ್ದರು. ಪಂಕ್ತಿಯವರೆಲ್ಲ ಅನ್ನದ ಮೇಲೆ ಕೈಯಾಡಿಸುತ್ತ ಅವರನ್ನೇ ನೋಡಿದರು. ಬೀಗರು ಬಂದು ಪಕ್ಕದಲ್ಲಿ ನಿಂತು, "ಬೀಗ್ರೇ, ಮೀನು ಬುಟ್ಟೋರು ನೀವೊಬ್ರೇ ಅಲ್ಲ, ನಾನೂವೆ. ನೀವು ಕೂರಕಿಲ್ಲ ಅಂದ್ರೆ ನಾನೂ ಕೂರಕಿಲ್ಲ," ಎಂದರು. ಇದರಿಂದ ಕೆಲಸ ಇನ್ನಷ್ಟು ಕೆಟ್ಟಿತು. ಮೊದಲು ಒಬ್ಬರು ನಿಂತಿದ್ದರು, ಈಗ ಇಬ್ಬರಾದರು.

ಹೊಸ ಸೊಸೆ ಪುಟ್ಟತಾಯಿ ಒಳಗಿನಿಂದ ಬಂದಳು. ಎರಡು ಖಾಲಿ ಎಲೆಗಳಿಗೂ ಒಂದೊಂದು ಮುದ್ದೆ ಇಟ್ಟು, "ಮೀನಿಗೆ ತಿರುವಿದ್ದು ಮಿಕ್ಕೋಗ್ಯದೆ. ಅದಂತೂ ಉಣ್ಣಕೆ ಬರ್ನಿಲ್ಲ. ನೀವಾದ್ರೂ ಉಣ್ಣಿ," ಎಂದಳು. ಮೊದಲು ನಕ್ಕವರು ಯಾರೆಂದು ನೆನಪಿಲ್ಲ. ಇಬ್ಬರೂ ಕೂತರು.

ಆಮೇಲೆ ಆ ಮೀನು ವರ್ಷವರ್ಷಕ್ಕೂ ಬೆಳೆಯಿತು; ಬೀಗರ ಬಾಯಲ್ಲಿ ಅದು ದೊಡ್ಡಪ್ಪನ ಬಾಯಲ್ಲಿದ್ದುದಕ್ಕಿಂತ ದೊಡ್ಡದು. ನನಗೆ ಮಾತ್ರ ಅನುಮಾನ. ಗಾಳ ನೀರಿನಡಿಯ ಬಂಡೆಗೆ ಸಿಕ್ಕಿರಬೇಕು, ಹೊಳೆಯ ಸೆಳೆತವೇ ಹಗ್ಗವನ್ನು ಜಗ್ಗಿರಬೇಕು, ಇಬ್ಬರು ಯಜಮಾನರು ಒಂದು ಕಲ್ಲಿನ ಜೊತೆ ಹೋರಾಡಿರಬೇಕು. ಇದನ್ನು ಒಮ್ಮೆ ಬಾಯಿಬಿಟ್ಟು ಹೇಳಿದೆ. ದೊಡ್ಡಪ್ಪ ಒಂದು ಸುಗ್ಗಿ ಕಳೆಯುವತನಕ ನನ್ನೊಂದಿಗೆ ಮಾತಾಡಲಿಲ್ಲ.

ಈಗ ಇಬ್ಬರೂ ಇಲ್ಲ. ಮೊನ್ನೆ ಹಗ್ಗವನ್ನು ಅಂಗಡಿಯಲ್ಲೇ ಬಿಟ್ಟು ಮಳವಳ್ಳಿಯ ಬಸ್ಸು ಹತ್ತಿದೆ. ಬಿರುಬೇಸಗೆ, ಹೊಳೆ ಮೊಣಕಾಲಿಗಿಳಿದಿತ್ತು. ಬಂಡೆ ಸೀಳಿದ ಆ ಹೊಳೆಮತ್ತಿ ಇನ್ನೂ ಇದೆ. ಅದರ ಬುಡದಿಂದ ನೀರಿಗಿಳಿದು, ಗಾಳ ಸಿಕ್ಕಿದ್ದಿರಬೇಕಾದ ಆ ನೀರಿನಡಿಯ ಬಂಡೆಯನ್ನು ಹುಡುಕುತ್ತ ಅತ್ತ ಇತ್ತ ನಡೆದೆ. ಮರಳು ಮುಚ್ಚಿರಬಹುದೆಂದು ಬೇಲಿಯ ಗಳುವೊಂದನ್ನು ತಂದು, ನೋಡುತ್ತಿದ್ದವರು ನಗುವಷ್ಟು ಸಲ ತಿವಿದೆ. ಪ್ರತಿ ಸಲವೂ ಗಳು ಪೂರ್ತಿ ಇಳಿಯಿತು. ಅಲ್ಲಿ ಬಂಡೆಯಿಲ್ಲ.