ತೋಟ ಹುಡುಕಿಕೊಟ್ಟ ಪಂಕ್ತಿ

ನಮ್ಮ ಮನೆಯ ತೋಟ ಕಾಣೆಯಾದದ್ದು ಒಂದು ಸೋಮವಾರ, ಬೆಳಗಿನ ತಿಂಡಿ ಮುಗಿದ ಮೇಲೆ. ಶ್ರೀರಾಂಪುರದ ನಮ್ಮ ಮನೆಗೆ ನೆಲದ ಮೇಲೆ ತೋಟವಿಲ್ಲ. ಕಾಂಪೌಂಡಿನೊಳಗೆ ಸ್ಕೂಟರ್ ನಿಲ್ಲಿಸಿದರೆ ಜಾಗ ಮುಗಿಯಿತು. ಕಾಣೆಯಾದದ್ದು ನನ್ನ ಹೆಂಡತಿಯ ಟ್ಯಾಬ್ಲೆಟ್ಟಿನೊಳಗಿನ ತೋಟ.

ಅದೊಂದು ಆಟ. ಬೀಜ ಬಿತ್ತಬೇಕು, ನೀರು ಹಾಕಬೇಕು, ಅರಳಿದ ಹೂವನ್ನು ತೆರೆಯ ಮೇಲೆ ಎರಡು ಬೆರಳಲ್ಲಿ ಚಿವುಟಿ ಬಿಡಿಸಬೇಕು, ಬಿಡಿಸಿದ್ದನ್ನು ಎಳೆದು ದಾರಕ್ಕೆ ಸೇರಿಸಬೇಕು. ಅಕ್ಕಪಕ್ಕದ ತೋಟಗಳು ಬೇರೆ ಬೇರೆ ಊರಿನ ಆಟಗಾರರವು. ಒಬ್ಬರ ತೋಟಕ್ಕೆ ಇನ್ನೊಬ್ಬರು ನೀರು ಹಾಕಬಹುದು. ಆಟವೆಂದರೆ ಕಾಲಹರಣ ಎಂದು ನಂಬಿ ಬೆಳೆದವನು ನಾನು. ಆದರೆ ಈ ಆಟ ನಮ್ಮ ಮನೆಗೆ ಔಷಧಿಯಾಗಿ ಬಂದಿತ್ತು.

ಹೆಂಡತಿ ನಜರ್‌ಬಾದಿನಲ್ಲಿರುವ ತಂಗಿಯ ಮನೆಯ ಮೆಟ್ಟಿಲಲ್ಲಿ ಜಾರಿ ಬಲಗೈಯ ಮಣಿಕಟ್ಟು ಮುರಿದುಕೊಂಡಿದ್ದಳು. ಪ್ಲಾಸ್ಟರ್ ಬಿಚ್ಚಿದಾಗ ಮೂಳೆ ಕೂಡಿತ್ತು, ಬೆರಳುಗಳು ಮಾತ್ರ ಮರಗಟ್ಟಿದ್ದವು. ಮಾರುಗಟ್ಟಲೆ ಮಲ್ಲಿಗೆ ಕಟ್ಟಿದ ಕೈ ಅದು. ಈಗ ಸೀರೆಯ ಪಿನ್ನು ಹಿಡಿಯಲೂ ಬಾರದು. ಗೋಕುಲಂನ ಫಿಸಿಯೋಥೆರಪಿಯವರು ಹಿಸುಕಲು ರಬ್ಬರ್ ಚೆಂಡು ಕೊಟ್ಟರು. ಅದು ಎರಡೇ ದಿನಕ್ಕೆ ಸೋಫಾದ ಕೆಳಗೆ ಸೇರಿತು. ಆಗ ಮಗಳು ಈ ಆಟ ಹಾಕಿಕೊಟ್ಟಳು. ಚೆಂಡಿಗೆ ಬಗ್ಗದ ಬೆರಳು ಹೂವಿಗೆ ಬಗ್ಗಿತು. ಬೆಳಿಗ್ಗೆ ತಿಂಡಿಯಾದ ಮೇಲೆ ಒಮ್ಮೆ, ಸಂಜೆ ದೀಪ ಹಚ್ಚುವ ಮುಂಚೆ ಒಮ್ಮೆ ಅವಳು ತೋಟಕ್ಕೆ ಹೋಗುತ್ತಿದ್ದಳು. ವೇಳೆ ತಪ್ಪಿಸುತ್ತಿರಲಿಲ್ಲ. ಅದು ನನಗೆ ಬಹಳ ಇಷ್ಟವಾಗಿತ್ತು.

"ಬಿಡದೆ ಮಾಡಿ ಅಮ್ಮ. ಈಗ ನಿಲ್ಸಿದ್ರೆ ಬೆರಳು ಹಂಗೇ ನಿಂತ್ಬುಡ್ತವೆ" ಎಂದು ಫಿಸಿಯೋಥೆರಪಿಯವರು ಎಚ್ಚರಿಸಿದ್ದರು.

ಹೀಗಿರುವಾಗ ಟ್ಯಾಬ್ಲೆಟ್ ಕೆಳಗೆ ಬಿದ್ದು ಒಡೆಯಿತು. ಮಗಳು ಹೊಸದು ತಂದು ಅದೇ ಆಟವನ್ನು ಹಾಕಿದಳು. ತೆರೆದು ನೋಡಿದರೆ ಬೋಳು ನೆಲ, ಮಧ್ಯದಲ್ಲಿ ಒತ್ತಲು ಒಂದು ಹಸಿರು ಗುಂಡಿ: ಮೊದಲ ಬೀಜ ಬಿತ್ತಿ.

"ಹೋದ್ರೆ ಹೋಯ್ತು, ಹೊಸದಾಗಿ ಬಿತ್ತು" ಎಂದೆ.

"ಇದು ನನ್ ತೋಟ ಅಲ್ಲ ಕಣ್ರೀ. ಯಾರದೋ ಖಾಲಿ ಸೈಟು. ನಾನ್ ಕೈ ಹಾಕಲ್ಲ."

ಹಾಗೆಂದವಳು ಟ್ಯಾಬ್ಲೆಟ್ಟನ್ನು ಮುಚ್ಚಿಟ್ಟಳು. ಆ ಸಂಜೆ ತೋಟಕ್ಕೆ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಬಲಗೈ ಸೆರಗಿನೊಳಗೆ ಸೇರಿಕೊಂಡಿತು. ಕಾಫಿ ಲೋಟವನ್ನು ಮತ್ತೆ ಎಡಗೈಯಲ್ಲಿ ಎತ್ತತೊಡಗಿದಳು. ನನಗೆ ದಿಗಿಲಾದದ್ದು ಆ ಲೋಟ ನೋಡಿ.

ಮಗಳು ಶಾಲೆಯಲ್ಲಿ ಪಾಠ ಮಾಡುತ್ತಾಳೆ, ಆಗ ಪರೀಕ್ಷೆಯ ಕಾಲ. ಆಟದ ಕಂಪನಿಗೆ ಬರೆದಳು. ಯಂತ್ರ ಕಳಿಸಿದಂಥ ಉತ್ತರ ಬಂತು. "ಎಲ್ಲಾ ಥರದ ಆಟ ಆಡೋರದ್ದೂ ಒಂದು ಕನ್ನಡ ಫೋರಂ ಇದೆ ಅಪ್ಪ, ಅಲ್ಲಿ ಕೇಳಿ. ಆದ್ರೆ ಮೊದ್ಲು ಮೇಲ್ಗಡೆ ಪಿನ್ ಮಾಡಿರೋದನ್ನ ಓದಿ" ಎಂದು ಚಪ್ಪಲಿ ಮೆಟ್ಟುತ್ತಲೇ ಹೇಳಿ ಹೊರಟಳು. ಫೋರಂ ಎಂದರೆ ಒಬ್ಬರು ಪ್ರಶ್ನೆ ಬರೆದು ಹಾಕುವ, ತಿಳಿದವರು ಅದರ ಕೆಳಗೆ ಉತ್ತರ ಬರೆಯುವ ಜಾಗ. ಇಷ್ಟು ನನಗೆ ಗೊತ್ತಿತ್ತು. ಪಿನ್ ಮಾಡಿದ್ದನ್ನು, ಎಂದರೆ ಎಲ್ಲರಿಗೂ ಕಾಣಲೆಂದು ಮೇಲೆ ಅಂಟಿಸಿಟ್ಟ ಸೂಚನೆಯನ್ನು, ಓದುವ ಗೊಡವೆಗೆ ಹೋಗಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಊರಿನವರ ಅರ್ಜಿಗಳನ್ನೆಲ್ಲ ತಿದ್ದಿ ಮುಂದಕ್ಕೆ ಕಳಿಸಿದವನು ನಾನು. ಅರ್ಜಿ ಬರೆಯುವುದನ್ನು ನನಗೆ ಯಾರು ಹೇಳಿಕೊಡಬೇಕು?

ಮಾನ್ಯರೇ ಎಂದು ಆರಂಭಿಸಿದೆ. ವಿಷಯ: ತುರ್ತು ಸಹಾಯ ಕೋರಿ. ವಿವರ ಕಡಿಮೆಯಾದ ಅರ್ಜಿ ವಾಪಸು ಬರುತ್ತದೆ ಎಂಬುದು ಕಚೇರಿಯ ಮೊದಲ ಪಾಠ. ಆದ್ದರಿಂದ ಹೆಸರು, ತಂದೆಯ ಹೆಸರು, ಮನೆಯ ವಿಳಾಸ, ಮೊಬೈಲ್ ಸಂಖ್ಯೆ, ಇ-ಮೇಲ್ ಎಲ್ಲವನ್ನೂ ಬರೆದೆ. ಪರಿಶೀಲನೆಗೆ ಅನುಕೂಲವಾಗಲೆಂದು ಇ-ಮೇಲಿನ ಪಾಸ್‌ವರ್ಡನ್ನೂ ನಮೂದಿಸಿದೆ. ಪ್ರತಿಗಳನ್ನು ಎಲ್ಲ ವಿಭಾಗಗಳಿಗೂ ಕಳಿಸಿದೆ: ತೋಟದ ಆಟ, ಕಾರಿನ ಆಟ, ಬಂದೂಕಿನ ಆಟ, ಹರಟೆಕಟ್ಟೆ. ಯಾರಾದರೊಬ್ಬರು ಕ್ರಮ ಕೈಗೊಳ್ಳಲೇಬೇಕು.

ಸ್ನಾನ ಮುಗಿಸಿ ಬರುವಷ್ಟರಲ್ಲಿ ಉತ್ತರಗಳು ಬಂದಿದ್ದವು.

"ತಾತ, ಇದು ತಾಲ್ಲೂಕಾಫೀಸಲ್ಲ ಕಣ್ರೀ."

"ಎಲ್ರೂ ಗನ್ ಹಿಡ್ಕೊಂಡ್ ನಿಂತವ್ರೆ, ಇವ್ರು ಮಧ್ಯದಲ್ಲಿ ಬಂದು ಮಲ್ಲಿಗೆ ಗಿಡ ಎಲ್ಲಿ ಅಂತವ್ರೆ!"

"ಛಾಪಾ ಕಾಗದದ ಮೇಲೆ ಬರ್ಕೊಂಡ್ ಬನ್ನಿ ಯಜಮಾನ್ರೇ."

ನನ್ನ ಅರ್ಜಿಯೇ ಅಲ್ಲಿರಲಿಲ್ಲ. ಅದರ ಜಾಗದಲ್ಲಿ, ಹೆಸರಿನ ಪಕ್ಕ ಹಾಗಲಕಾಯಿಯ ಚಿತ್ರ ಹಾಕಿಕೊಂಡಿದ್ದ ಒಬ್ಬರ ಸಾಲುಗಳಿದ್ದವು. ಅವರು ಫೋರಂ ನೋಡಿಕೊಳ್ಳುವ ಮಾಡರೇಟರ್. "ಸರ್, ನಿಮ್ಮ ಪೋಸ್ಟ್ ನಾನೇ ಮುಚ್ಚಿದ್ದೇನೆ. ಪಾಸ್‌ವರ್ಡ್ ಈಗಲೇ ಬದಲಾಯಿಸಿ, ಮಿಕ್ಕ ಮಾತು ಆಮೇಲೆ. ಬದಲಾಯಿಸಿದ ಮೇಲೆ ಪಿನ್ ಮಾಡಿದ್ದನ್ನು ಓದಿ, ಒಂದೇ ಜಾಗದಲ್ಲಿ ಮತ್ತೆ ಕೇಳಿ. ಉಳಿದವರು ತಮಾಷೆ ಸಾಕು ಮಾಡಿ."

ನನಗೆ ಮೈಯೆಲ್ಲ ಉರಿಯಿತು. ಹಿರಿಯರೊಡನೆ ಮಾತನಾಡುವ ರೀತಿಯೇ ಇದು ಎಂದು ಬರೆಯಲು ಕುಳಿತೆ. ಹೆಂಡತಿ ಹಿಂದಿನಿಂದ ಬಂದು ಓದಿಕೊಂಡಳು.

"ಏನ್ರೀ ಇದು? ಬೀದಿ ಬಾಗಿಲಿಗೆ ನೀವೇ ಬೀಗದ ಕೈ ನೇತಾಕ್ಬುಟ್ಟು, ತೆಗ್ದುಕೊಟ್ಟೋರ್ ಮೇಲೇ ಹಾರಾಡ್ತೀರಾ? ಮೊದ್ಲು ಅವ್ರು ಹೇಳ್ದಂಗ್ ಮಾಡಿ."

ಮಾಡಿದೆ. ಪಾಸ್‌ವರ್ಡ್ ಬದಲಾಯಿಸಿ, ಕನ್ನಡಕ ಒರೆಸಿಕೊಂಡು, ಪಿನ್ ಮಾಡಿದ ಬರಹವನ್ನು ಓದಲು ಕುಳಿತೆ. ಅದನ್ನೂ ಹಾಗಲಕಾಯಿಯವರೇ ಬರೆದಿದ್ದರು. ಕೇಳುವ ಮುಂಚೆ ಹುಡುಕಿ, ನಿಮ್ಮ ಪ್ರಶ್ನೆಯನ್ನು ಬೇರೊಬ್ಬರು ಕೇಳಿರಬಹುದು. ತಲೆಬರಹದಲ್ಲೇ ತೊಂದರೆ ಏನೆಂದು ತಿಳಿಯಲಿ. ತುರ್ತು ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಏನಾಯಿತು, ಏನು ಮಾಡಿ ನೋಡಿದಿರಿ, ಈಗ ಏನು ಕಾಣುತ್ತಿದೆ ಎಂದು ಕ್ರಮವಾಗಿ ಹೇಳಿ. ಕೇಳಿದ ಮೇಲೆ ಕಾಯಿರಿ, ಉತ್ತರಿಸುವವರಿಗೂ ಒಲೆ ಇದೆ, ಕೆಲಸ ಇದೆ.

ಓದುತ್ತಾ ಓದುತ್ತಾ ನನ್ನ ಕೋಪ ಇಳಿಯಿತು. ಇದು ನನಗೆ ಗೊತ್ತಿದ್ದ ಜಾಗವೇ.

ನಾನು ಓದಿದ್ದು ಒಂದು ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ. ನಸುಕಿಗೇ ಗಂಟೆ, ತಣ್ಣೀರ ಸ್ನಾನ, ಹಣೆಗೆ ವಿಭೂತಿ, ಪ್ರಾರ್ಥನೆ, ಆಮೇಲೆ ಪಂಕ್ತಿ. ಸೇರಿದ ದಿನ ಹಸಿವು ತಾಳಲಾರದೆ ತಟ್ಟೆ ಹಿಡಿದು ನೆಟ್ಟಗೆ ಅಡುಗೆಮನೆಯ ಬಾಗಿಲಿಗೆ ಹೋಗಿದ್ದೆ. ಒಬ್ಬ ಹಿರಿಯ ವಿದ್ಯಾರ್ಥಿ ರಟ್ಟೆ ಹಿಡಿದು ಕರೆತಂದು ಸಾಲಿನ ಕೊನೆಯಲ್ಲಿ ಕೂರಿಸಿದ. "ಇಲ್ಲಿ ಕೂತ್ಕೊಂಡು ನೋಡು. ಬಡಿಸೋರು ನಿನ್ ಹತ್ರಕ್ಕೇ ಬತ್ತಾರೆ. ಇಲ್ಲಿ ಯಾರೂ ಉಪವಾಸ ಎದ್ದಿಲ್ಲ ಕಣೋ" ಎಂದ. ಬಂದರು. ಬಿಸಿ ಮುದ್ದೆ, ಹುರುಳಿ ಸಾರು. ನನ್ನ ಇಡೀ ಬದುಕಿನ ಶಿಸ್ತು ಆ ಸಾಲಿನಲ್ಲಿ ಕಲಿತದ್ದು. ಈ ಕಥೆ ಕೇಳಿ ಕೇಳಿ ಹೆಂಡತಿಗೂ ಬಾಯಿಪಾಠವಾಗಿದೆ. ಫೋರಂನಲ್ಲಿ ನಾನು ಮತ್ತೆ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೇ ಹೋಗಿದ್ದೆ, ಅಷ್ಟೇ.

ಮೊದಲು ಹುಡುಕಿದೆ, ನಮ್ಮಂಥದೇ ಪ್ರಕರಣ ಸಿಗಲಿಲ್ಲ. ಆಮೇಲೆ ತೋಟದ ವಿಭಾಗದಲ್ಲಿ ಮಾತ್ರ ಬರೆದೆ. ತಲೆಬರಹ: ಟ್ಯಾಬ್ಲೆಟ್ ಬದಲಾಯಿಸಿದ ಮೇಲೆ ಹಳೆಯ ತೋಟ ಕಾಣುತ್ತಿಲ್ಲ, ಖಾಲಿ ನೆಲ ಬರುತ್ತಿದೆ. ಹಳೆಯದು ಒಡೆದ ಸಂಗತಿ, ಹೊಸದರಲ್ಲಿ ಮಗಳ ಇ-ಮೇಲಿನಿಂದ ಆಟ ತೆರೆದದ್ದು, ಕಂಪನಿಗೆ ಬರೆದದ್ದು, ಎಲ್ಲ ಹೇಳಿದೆ. ಕೊನೆಯಲ್ಲಿ, ಇದು ನನ್ನ ಹೆಂಡತಿಯ ಕೈಗೆ ವ್ಯಾಯಾಮವೆಂದೂ ಅವಳು ಈಗ ಅದನ್ನು ನಿಲ್ಲಿಸಿಬಿಟ್ಟಿದ್ದಾಳೆಂದೂ ಒಂದು ಸಾಲು ಸೇರಿಸಿದೆ.

ಕಾಯುವುದು ಕಷ್ಟವಾಯಿತು. ಕಚೇರಿಯಲ್ಲಿ ಜ್ಞಾಪನಾಪತ್ರ ಕಳಿಸಿ ಅಭ್ಯಾಸವಿದ್ದ ಕೈ ತುರಿಸುತ್ತಿತ್ತು. ಬಟ್ಟೆ ಮಡಚಿದೆ, ತರಕಾರಿ ತಂದೆ, ಫ್ಯಾನಿನ ರೆಕ್ಕೆ ಒರೆಸಿದೆ. ಊಟದ ಹೊತ್ತಿಗೆ ಉತ್ತರ ಬಂತು. ಬರೆದವರು ಬೆಳಿಗ್ಗೆ ಛಾಪಾ ಕಾಗದ ಕೇಳಿದ್ದ ಅದೇ ಆಟಗಾರ.

"ಯಜಮಾನ್ರೇ, ಮೊದ್ಲು ಒಂದ್ ಹೇಳಿ. ಆ ಖಾಲಿ ನೆಲದಲ್ಲಿ ಏನಾದ್ರೂ ಬಿತ್ತಿದ್ದೀರಾ? ಬಿತ್ತಿ ಹಳೇ ಅಕೌಂಟ್ ಜೋಡಿಸಿದ್ರೆ ಹೊಸ ತೋಟ ಹಳೇದನ್ನ ಅಳಿಸ್ಬುಡುತ್ತೆ."

ನಾನು ಹೆಂಡತಿಯ ಮುಖ ನೋಡಿದೆ. ಅವಳು ಹುಬ್ಬು ಹಾರಿಸಿದಳು. "ಹೊಸದಾಗಿ ಬಿತ್ತು ಅಂದಿದ್ದು ಯಾರೋ?" ಎಂದಳು.

ಬಿತ್ತಿಲ್ಲ ಎಂದು ಬರೆದೆ. "ಬದುಕಿದ್ರಿ. ಹಳೇ ಟ್ಯಾಬ್ಲೆಟ್ಟಲ್ಲಿ ಯಾರ ಇ-ಮೇಲ್ ಇತ್ತು?" ಎಂದು ಕೇಳಿದರು. ಆಗ ಹೊಳೆಯಿತು. ಹಳೆಯ ಟ್ಯಾಬ್ಲೆಟ್ ಮೊದಲು ನನ್ನದಾಗಿತ್ತು, ಪೇಪರ್ ಓದಲೆಂದು ಇಟ್ಟುಕೊಂಡಿದ್ದೆ. ತೋಟ ನನ್ನ ಇ-ಮೇಲಿಗೆ ಅಂಟಿಕೊಂಡಿತ್ತು. ಬೆಳಿಗ್ಗೆ ಪಾಸ್‌ವರ್ಡಿನ ಸಮೇತ ಬೀದಿಗೆ ಹಾಕಿದ್ದೆನಲ್ಲ, ಅದೇ ಇ-ಮೇಲಿಗೆ. ಹಾಗಲಕಾಯಿಯವರು ಮುಚ್ಚದಿದ್ದರೆ ಯಾರು ಬೇಕಾದರೂ ತೋಟದೊಳಗೆ ನಡೆದುಬಿಡಬಹುದಿತ್ತು. ಆ ಹೊತ್ತಿನಿಂದ ಅವರ ಮೇಲಿನ ನನ್ನ ಗೌರವ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ಇ-ಮೇಲ್ ನನ್ನದೇ ಎಂದು ಬರೆದು, ಛಾಪಾ ಕಾಗದದವರು ಹೇಳಿದ ಕ್ರಮದಲ್ಲೇ ಒಂದೊಂದು ಗುಂಡಿ ಒತ್ತಿದೆ. ತೆರೆ ಬೆಳ್ಳಗಾಯಿತು, ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ತೋಟ ಬಂತು. ಗಿಡಗಳು ಒಣಗಿರಬಹುದೆಂದು ಎಣಿಸಿದ್ದೆವು. ಒಂದೂ ಒಣಗಿರಲಿಲ್ಲ. ಪಕ್ಕದ ತೋಟದವರು ದಿನವೂ ನೀರು ಹಾಕಿದ್ದರು. ಅವರು ಯಾರೋ, ಯಾವ ಊರೋ, ಇಂದಿಗೂ ನಮಗೆ ತಿಳಿಯದು.

ಹೆಂಡತಿ ಟ್ಯಾಬ್ಲೆಟ್ಟನ್ನು ತನ್ನತ್ತ ಎಳೆದುಕೊಂಡಳು. ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು ಒಂದು ಹೂ ಚಿವುಟಿದಳು. ಜಾರಿತು. ಮತ್ತೆ ಚಿವುಟಿದಳು. ಬಂತು.

ಸಂತೋಷದಲ್ಲಿ ನಾನು ಇನ್ನೊಂದು ಎಡವಟ್ಟು ಮಾಡಿದೆ. ಮರುದಿನ ಬೆಳಿಗ್ಗೆ, ಗುಲಾಬಿಯ ಮೇಲೆ ಇಬ್ಬನಿಯಿರುವ ಶುಭೋದಯದ ಚಿತ್ರವನ್ನು ಧನ್ಯವಾದಗಳೊಂದಿಗೆ ಎಲ್ಲ ವಿಭಾಗಗಳಿಗೂ ಹಾಕಿದೆ. ಬಂದೂಕಿನವರನ್ನೂ ಬಿಡಲಿಲ್ಲ. ಹಾಗಲಕಾಯಿಯವರು ಅವನ್ನೆಲ್ಲ ತೆಗೆದು ಬರೆದರು: "ಸರ್, ಗುಲಾಬಿ ಬೇಡ. ನಿಮ್ಮ ಪ್ರಶ್ನೆಯ ಕೆಳಗೆ, ತೋಟ ಹೇಗೆ ಸಿಕ್ಕಿತು ಅಂತ ಬರೆದಿಡಿ. ನಾಳೆ ಟ್ಯಾಬ್ಲೆಟ್ ಒಡೆದುಕೊಂಡವರಿಗೆ ಬೇಕಾಗುತ್ತೆ. ಇಲ್ಲಿ ಥ್ಯಾಂಕ್ಸ್ ಹೇಳೋದು ಹಾಗೆ."

ವಿದ್ಯಾರ್ಥಿನಿಲಯದಲ್ಲೂ ಅದೇ ಇತ್ತು. ಮೊದಲ ಪಂಕ್ತಿಯಲ್ಲಿ ಉಂಡವರು ಕೈ ತೊಳೆದುಕೊಂಡು ಎರಡನೆಯ ಪಂಕ್ತಿಗೆ ಬಡಿಸಬೇಕು. ಅಡುಗೆಯವರಿಗೆ ಕೈಮುಗಿದು ಹೊರಟುಬಿಡುವಂತಿರಲಿಲ್ಲ. ನಾನು ಕುಳಿತು, ಬಿತ್ತಬಾರದು ಎಂಬುದನ್ನು ಎಲ್ಲಕ್ಕಿಂತ ಮೇಲೆ ಇಟ್ಟು, ಇಡೀ ಕ್ರಮವನ್ನು ಬರೆದೆ. ಛಾಪಾ ಕಾಗದದವರು ಕೆಳಗೆ ಬರೆದರು: "ನೋಡ್ರಪ್ಪಾ, ಯಜಮಾನ್ರು ಬರೆಯೋದು ಅಂದ್ರೆ ಹಿಂಗೆ."

ಈಗ ಬೆಳಿಗ್ಗೆ ತೋಟದ ಕೆಲಸ ಮುಗಿದ ಮೇಲೆ ನಾವಿಬ್ಬರೂ ಫೋರಂ ನೋಡುತ್ತೇವೆ. ಹೋದ ವಾರ ಹೊಸಬರೊಬ್ಬರು "ಅರ್ಜೆಂಟ್ ಹೆಲ್ಪ್" ಎಂದು ಮೂರು ಕಡೆ ಬರೆದಿದ್ದರು. ಫೋನ್ ಒಡೆದಿದೆಯಂತೆ, ತೋಟ ಕಾಣುತ್ತಿಲ್ಲವಂತೆ, ಮೊಬೈಲ್ ಸಂಖ್ಯೆ ಕೆಳಗಿದೆಯಂತೆ.

"ಪಿನ್ ಮಾಡಿರೋದನ್ನ ಓದಿ ಅಂತ ಗಟ್ಟಿಯಾಗಿ ಹೇಳು" ಎಂದೆ.

"ನೀವ್ ಓದಿದ್ರಾ?" ಎಂದಳು. ಮೊದಲು ಹಾಗಲಕಾಯಿಯವರಿಗೆ ತಿಳಿಸಿ ಸಂಖ್ಯೆಯನ್ನು ಮುಚ್ಚಿಸಿದಳು. ಆಮೇಲೆ ಉತ್ತರ ಬರೆಯಲು ಟ್ಯಾಬ್ಲೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬಲಗೈಯ ತೋರುಬೆರಳು ಒಂದೊಂದೇ ಅಕ್ಷರ ಹುಡುಕುತ್ತಿತ್ತು.

"ಪಾಪ, ಅವ್ರು ಕಾಯ್ತಿರ್ತಾರೆ. ಕೊಡು, ನಾನ್ ಬೇಗ ಬರೀತೀನಿ" ಎಂದು ಕೈಚಾಚಿದೆ.

"ಕಾಯ್ಲಿ ಬುಡಿ. ಉಪವಾಸ ಏನ್ ಏಳಲ್ಲ" ಎಂದು ಅವಳು ಬರೆಯುತ್ತಲೇ ಹೋದಳು: ಮೊದಲು ಹೇಳಿ, ಖಾಲಿ ನೆಲದಲ್ಲಿ ಏನಾದರೂ ಬಿತ್ತಿದ್ದೀರಾ?