ಶ್ರೀ ಹಚ್ಚಿದ ಫೈಲು

ನನ್ನ ಗಂಡ ಧಾರವಾಡದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದರು. ನಿವೃತ್ತಿಗೆ ಮೊದಲೇ ಮೂತ್ರಪಿಂಡ ಕೈಕೊಟ್ಟು ಹಾಸಿಗೆ ಹಿಡಿದರು. ಅಷ್ಟೊತ್ತಿಗೆ ಅವರು ಬರೆಯುತ್ತಿದ್ದ ಪುಸ್ತಕ ಮುಗಿದಿತ್ತು, ಪದಸೂಚಿಯೊಂದು ಬಿಟ್ಟು. ಯಾವ ಪದ ಯಾವ ಪುಟದಲ್ಲಿದೆ ಎಂದು ಹೇಳುವ ಆ ನಾಲ್ಕು ಹಾಳೆಗಾಗಿ ಮನುಷ್ಯ ಜೀವ ಹಿಡಿದುಕೊಂಡಿದ್ದರು.

“ಸೂಚಿ ಇಲ್ಲದ ಪುಸ್ತಕ ಅಂದ್ರ ಊರು ಗೊತ್ತೈತಿ, ಓಣಿ ಗೊತ್ತಿಲ್ಲ ಅಂದಂಗ. ಅದನ್ನೊಮ್ಮೆ ಕಣ್ಣಿಲೇ ನೋಡಿ ಹೋಗ್ತೇನಿ,” ಎನ್ನುತ್ತಿದ್ದರು.

“ಹೋಗೂ ಮಾತು ಬಿಡ್ರಿ, ಮೊದ್ಲ ಗಂಜಿ ಕುಡೀರಿ,” ಎಂದು ಗದರುತ್ತಿದ್ದೆ. ನನಗೆ ಅಳು ಬಂದರೆ ಅದು ಸಿಟ್ಟಾಗಿಯೇ ಹೊರಬೀಳುತ್ತದೆ. ತವರಿನಿಂದ ತಂದ ಗುಣ.

ಪುಸ್ತಕವನ್ನು ಅವರೇ ಲೇಟೆಕ್ ಎಂಬ, ಗಣಿತದ ಪುಸ್ತಕಗಳನ್ನು ಅಚ್ಚಿಗೆ ಜೋಡಿಸುವ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರು. ಸೂಚಿಗೆ ಬೇಕಾದ ಪದಗಳಿಗೆಲ್ಲ ಗುರುತು ಹಾಕಿಟ್ಟಿದ್ದರು. ಅವನ್ನು ಹೆಕ್ಕಿ ಅಕಾರಾದಿಯಾಗಿ ಜೋಡಿಸುವ ಪ್ರೋಗ್ರಾಮೊಂದನ್ನು, ಅವರು ಟೈಪ್ ಮಾಡುತ್ತಿದ್ದ ಎಡಿಟರ್ ತಂತ್ರಾಂಶಕ್ಕೆ ಹೊಂದಿಸುವುದಷ್ಟೇ ಬಾಕಿ. ಅವರು ಮಲಗಿದಲ್ಲಿಂದಲೇ ಹೇಳಿದರು, ನಾನು ಕಂಪ್ಯೂಟರಿನಲ್ಲಿ ಒತ್ತಿದೆ. ಎಷ್ಟು ಸಲ ಒತ್ತಿದರೂ ಒಂದೇ ಉತ್ತರ: ‘ಶ್ರೀ’ ಎಂಬ ಫೈಲು ಸಿಗಲಿಲ್ಲ.

ಕೆಲಗೇರಿಯ ನಮ್ಮ ಮನೆಯಲ್ಲಿ ಶ್ರೀ ಹಾಕದೆ ಏನನ್ನೂ ಬರೆಯುವುದಿಲ್ಲ, ಕಿರಾಣಿ ಚೀಟಿಯನ್ನೂ. ಈ ಮಹಾಶಯರು ಫೈಲಿಗೂ ಇಂಗ್ಲಿಷ್ ಅಕ್ಷರದಲ್ಲಿ ‘ಶ್ರೀ’ ಎಂದು ಬರೆದು, ಜಾಗ ಬಿಟ್ಟು, ‘ಗಣಿತ’ ಎಂದು ಹೆಸರಿಟ್ಟಿದ್ದರು. ಆ ಪ್ರೋಗ್ರಾಮು ಜಾಗ ಬಂದ ಕೂಡಲೇ ಹೆಸರು ಮುಗಿಯಿತೆಂದು ನಿಂತುಬಿಡುತ್ತಿತ್ತು.

“ಶ್ರೀ ತಗದುಬಿಡು,” ಎಂದರು.

ನನ್ನ ಕೈ ಏಳಲಿಲ್ಲ. ನಮ್ಮಲ್ಲಿ ಶ್ರೀ ಇಲ್ಲದೆ ಬರೆಯುವುದು ಸತ್ತ ಸುದ್ದಿಯ ಕಾರ್ಡನ್ನು ಮಾತ್ರ.

“ನಾ ಒಲ್ಲೆ. ಬೇಕಾದ್ರ ನಿಮ್ಮ ಪ್ರೋಗ್ರಾಮಿಗೆ ಬುದ್ಧಿ ಹೇಳ್ರಿ.”

“ಭಾಳ ಹಟಮಾರಿ ಅದಿ,” ಎಂದು ನಕ್ಕರು. ಯಾಕೆಂದು ಅವರಿಗೂ ಗೊತ್ತಿತ್ತು. ಮತ್ತೆ ಹೇಳಲಿಲ್ಲ.

ಮರುದಿನ ಅವರ ಜೊತೆ ಕಲಿಸುತ್ತಿದ್ದ ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದೆ.

“ಅಷ್ಟ ಏನ್ರಿ, ವೈನಿ? ಎಡಿಟರ್ ಸೆಟ್ಟಿಂಗ್‌ನ್ಯಾಗ ಫೈಲಿನ ಹೆಸರು ಬರೂ ಕಡೆ ಹಿಂದ ಮುಂದ ಕೋಟ್ ಮಾರ್ಕ್ ಹಾಕ್ರಿ. ಪೂರಾ ಹೆಸರು ಓದತೈತಿ.”

ಹಾಕಿದೆ. ಸೂಚಿ ಬಂತು, ಶ್ರೀಯೂ ಉಳಿಯಿತು. ಪ್ರಿಂಟ್ ತೆಗೆಸಿ ಕೊಟ್ಟಾಗ ಹಾಳೆಗಳನ್ನು ಎದೆಯ ಮೇಲಿಟ್ಟುಕೊಂಡರು. ಒಂದು ಪದ ಆರಿಸಿ, ನನ್ನ ಕೈಲಿ ಪುಟ ತೆಗೆಸಿ ನೋಡಿದರು. “ಖರೇ ಐತಿ,” ಎಂದರು. ನಾನು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಶ್ರೀ ಉಳಿದಿದೆ, ಇವರೂ ಉಳಿಯುತ್ತಾರೆ ಎಂದು ಒಳಗೊಳಗೇ ನಂಬಿದ್ದೆ.

ಮಳೆಗಾಲ ಮುಗಿಯುವ ಮೊದಲೇ ಹೋದರು.

ನೆಂಟರಿಗೆ ಕಾರ್ಡು ಕಳಿಸಬೇಕಿತ್ತು. ಬೇರೆಯವರು ಬರೆಯುತ್ತೇವೆಂದರೂ ಕೇಳದೆ ನಾನೇ ಅದೇ ಕಂಪ್ಯೂಟರಿನ ಮುಂದೆ ಕೂತೆ. ರೂಢಿ ನೋಡಿ, ಬೆರಳು ತಾನಾಗಿಯೇ ಮೊದಲ ಸಾಲಿನಲ್ಲಿ ಶ್ರೀ ಒತ್ತಿಬಿಟ್ಟಿತು. ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ.

ಆಮೇಲೆ ನಾನೇ ಅದನ್ನು ಅಳಿಸಿದೆ.